ಅಜ್ಜಿಯ ನೆನಪಿಗೆ ಇಸವಿ ಹಚ್ಚುವುದು ಹೇಗೆ

ಮನೆಯ ಹಿರಿಯರ ಬದುಕನ್ನು ಬರೆದಿಡಲು ಕೂತವರು ಮೊದಲಿಗೇ ಎಡವುವುದು ‘ಅದು ಯಾವ ಇಸವಿ?’ ಎಂದು ಕೇಳಿ. ನೆನಪಿನಲ್ಲಿ ಎಲ್ಲಕ್ಕಿಂತ ಬೇಗ ಮಾಸುವುದು ಅದೇ. ನೆದರ್‌ಲೆಂಡ್ಸ್‌ನ ಮನಶ್ಶಾಸ್ತ್ರಜ್ಞ ವಿಲ್ಲೆಮ್ ವಾಗೆನಾರ್ ಆರು ವರ್ಷ ತಮ್ಮ ಬದುಕಿನ ಸುಮಾರು 2,400 ಘಟನೆ ಬರೆದಿಟ್ಟು, ಆಮೇಲೆ ತಮ್ಮನ್ನೇ ಪರೀಕ್ಷೆಗೆ ಒಡ್ಡಿಕೊಂಡರು. ಏನು, ಯಾರು, ಎಲ್ಲಿ ಎಂಬ ಸುಳಿವು ಸಿಕ್ಕರೆ ಘಟನೆ ನೆನಪಾಗುತ್ತಿತ್ತು. ಬರೀ ತಾರೀಖಿನಿಂದ ಹೆಚ್ಚುಕಡಿಮೆ ಏನೂ ಹೊಳೆಯುತ್ತಿರಲಿಲ್ಲ. ಆದ್ದರಿಂದ ಆ ಮೂರನ್ನು ಮೊದಲು ಕೇಳಿ. ಇಸವಿಯನ್ನು ಕಡೆಗೆ ನೀವೇ ಲೆಕ್ಕ ಹಾಕಿ.

ಕೂರುವ ಮುಂಚೆ ಒಂದು ಹಾಳೆಯಲ್ಲಿ ಊರಿನ ಗುರುತುಗಳನ್ನು ಬರೆದುಕೊಳ್ಳಿ. ಸಾಗರದ ಕಡೆಯವರಾದರೆ: ಗೇಣಿದಾರರ ಕಾಗೋಡು ಸತ್ಯಾಗ್ರಹ 1951, ಕ್ಯಾಸನೂರಿನ ಮಂಗನ ಕಾಯಿಲೆ 1957, ಊರುಗಳನ್ನು ಮುಳುಗಿಸಿದ ಲಿಂಗನಮಕ್ಕಿ ಅಣೆಕಟ್ಟು 1964, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು 1973, ತುರ್ತು ಪರಿಸ್ಥಿತಿ 1975. ‘ಮಂಗನ ಕಾಯಿಲೆ ಬಂದಾಗ ದೊಡ್ಡಪ್ಪ ಹುಟ್ಟಿದ್ದನಾ ಅಜ್ಜಿ?’ ಎಂದು ಕೇಳಿ ನೋಡಿ, ಉತ್ತರ ಥಟ್ಟನೆ ಬರುತ್ತದೆ. ಸಾಗರದ ಮಾರಿಜಾತ್ರೆ ಮೂರು ವರ್ಷಕ್ಕೊಮ್ಮೆ; ‘ಜಾತ್ರೆಯ ವರ್ಷ’ ಎಂದರೆ ಸಾಧ್ಯತೆ ಮೂರರಲ್ಲಿ ಒಂದಕ್ಕೆ ಇಳಿಯಿತು.

ಗುರುತು ಕೂಡ ಕೈಕೊಡುವುದುಂಟು. ‘ಮುಳುಗಡೆ ವರ್ಷ ನನ್ನ ಮದುವೆ’ ಎಂದರೆ ನೇರ 1964 ಎಂದು ಬರೆದುಬಿಡಬೇಡಿ. ಅದಕ್ಕೂ ಮುಂಚೆ 1940ರ ದಶಕದಲ್ಲಿ ಹಿರೇಭಾಸ್ಕರ ಅಣೆಕಟ್ಟಿನ ಮುಳುಗಡೆ ಆಗಿತ್ತು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ನೀರಿನಡಿ ಹೋಯಿತು. ಮನೆ ಖಾಲಿ ಮಾಡಿದ್ದು, ನೀರು ಅಂಗಳಕ್ಕೆ ಬಂದದ್ದು, ಹೊಸ ಜಾಗದಲ್ಲಿ ಒಲೆ ಹೂಡಿದ್ದು ಬೇರೆಬೇರೆ ವರ್ಷಗಳಿರಬಹುದು. ಯಾವುದು ಎಂದು ಬಿಡಿಸಿ ಕೇಳಿ.

ತಿಂಗಳಿಗೆ ಮಳೆ ನಕ್ಷತ್ರ ಹಿಡಿಯಿರಿ. ಆರಿದ್ರಾ ಮಳೆ ಎಂದರೆ ಜೂನ್ ಕೊನೆ, ಜುಲೈ ಮೊದಲ ವಾರ. ಭೂಮಿ ಹುಣ್ಣಿಮೆ ಸಾಮಾನ್ಯವಾಗಿ ಅಕ್ಟೋಬರ್. ‘ನೆಟ್ಟಿ ಮುಗಿದಿತ್ತು’, ‘ಅಡಿಕೆ ಕೊನೆ ಕೊಯ್ಲು ನಡೀತಿತ್ತು’ ಎನ್ನುವ ಮಾತಿಗೆ ಆಧಾರ್ ಕಾರ್ಡಿನ ಜನ್ಮದಿನಕ್ಕಿಂತ ಹೆಚ್ಚು ಬೆಲೆ ಕೊಡಬಹುದು. ಅಲ್ಲಿ ಜನವರಿ 1 ಎಂದಿದ್ದರೆ ಅದು ಬರೀ ಅಂದಾಜಿನ ಭರ್ತಿ ಇರಬಹುದು.

ಜಾತಕ, ಲಗ್ನಪತ್ರಿಕೆ ಇದ್ದರೆ ಸಂವತ್ಸರ ಓದಿ. ಕ್ರೋಧಿ ಎಂದರೆ 1964ರ ಯುಗಾದಿಯಿಂದ 1965ರ ಯುಗಾದಿ. ಕ್ರೋಧಿಯ ಮಾಘದಲ್ಲಿ ಆದ ಮದುವೆ 1965ಕ್ಕೆ ಸೇರುತ್ತದೆ. ಒಂದು ವರ್ಷದ ವ್ಯತ್ಯಾಸ ಬಹಳಷ್ಟು ಸಲ ಇಲ್ಲೇ ನುಸುಳುವುದು. ಸಂವತ್ಸರ 60 ವರ್ಷಕ್ಕೆ ಮರಳಿ ಬರುತ್ತದೆ, ಅದೂ ಗಮನದಲ್ಲಿರಲಿ.

ಇನ್ನು ಕೇಳುವ ರೀತಿ. 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಜನರಿಗೆ ಒಂದೇ ಅಪಘಾತದ ಚಲನಚಿತ್ರ ತೋರಿಸಿ ಕಾರುಗಳ ವೇಗ ಕೇಳಿದರು. ಕಾರುಗಳು ‘ತಾಗಿದಾಗ’ ಎಂಬ ಬದಲು ‘ಅಪ್ಪಳಿಸಿದಾಗ’ ಎಂದದ್ದಕ್ಕೇ ಜನ ಹೆಚ್ಚು ವೇಗ ಹೇಳಿದರು. ‘ಅವತ್ತು ತುಂಬಾ ಅತ್ರಾ?’ ಎಂದು ಕೇಳಿದರೆ ನೀವೇ ಅಳು ತುಂಬಿದಂತೆ. ‘ಆಮೇಲೆ?’ ಎಂದು ಸುಮ್ಮನಿರಿ. ಫೋಟೋ ಕಡೆಗೆ ತೋರಿಸಿ, ಇಲ್ಲದಿದ್ದರೆ ಫೋಟೋದಲ್ಲಿದ್ದದ್ದೇ ನೆನಪಾಗಿ ಹೊರಬರುತ್ತದೆ. ಅಜ್ಜ ಅಜ್ಜಿಯನ್ನು ಒಟ್ಟಿಗೆ ಕೂರಿಸಬೇಡಿ. ಜೋರು ದನಿಯವರ ಕಥೆಯೇ ಇಬ್ಬರದೂ ಆಗಿಬಿಡುತ್ತದೆ.

ಎಷ್ಟು ನಂಬಬೇಕು? ಮೂರು ವರ್ಷಕ್ಕಿಂತ ಮೊದಲಿನದು ಬಹುಪಾಲು ಕೇಳಿದ ಕಥೆ. ಹತ್ತರಿಂದ ಮೂವತ್ತರ ವಯಸ್ಸಿನವು ಅತಿ ಹೆಚ್ಚು ಸಿಗುತ್ತವೆ. ಹೇಳುವವರ ಖಚಿತ ದನಿಯನ್ನು ಅಳತೆಗೋಲು ಮಾಡಬೇಡಿ: 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆಯ ದುರಂತದ ಮರುದಿನವೇ ಮನಶ್ಶಾಸ್ತ್ರಜ್ಞ ಅಲ್ರಿಕ್ ನೈಸರ್, ಸುದ್ದಿ ತಿಳಿದದ್ದು ಹೇಗೆ ಎಂದು ವಿದ್ಯಾರ್ಥಿಗಳಿಂದ ಬರೆಸಿಟ್ಟುಕೊಂಡು ಎರಡೂವರೆ ವರ್ಷದ ಮೇಲೆ ಮತ್ತೆ ಕೇಳಿದಾಗ, ಪೂರ್ತಿ ತಪ್ಪು ಹೇಳಿದವರಲ್ಲೂ ಹಲವರಿಗೆ ಅನುಮಾನವೇ ಇರಲಿಲ್ಲ.

ಬರೆಯುವಾಗ ಪ್ರತಿ ಸಂಗತಿಯ ಪಕ್ಕ ‘ಕಂಡದ್ದು’, ‘ಕೇಳಿದ್ದು’, ‘ಲೆಕ್ಕ ಹಾಕಿದ್ದು’ ಎಂದು ಗುರುತು ಹಾಕಿ. ಎರಡು ವಾರ ಬಿಟ್ಟು ಅದನ್ನೇ ಇನ್ನೊಂದು ದಾರಿಯಿಂದ ಕೇಳಿ. ಉತ್ತರ ಬದಲಾದರೆ ಹಳೆಯದನ್ನು ಹೊಡೆದುಹಾಕಬೇಡಿ. ಎರಡನ್ನೂ ತಾರೀಖಿನ ಸಮೇತ ಇಟ್ಟುಕೊಳ್ಳಿ.