ಜಮಖಂಡಿ ಪಿನ್‌ಕೋಡ್ ಒಡೆದು ನೋಡಿ: ದೊಡ್ಡ ಸಂಖ್ಯೆಯ ಅಪವರ್ತನ ಹೀಗೆ ಮಾಡಿ

ದೊಡ್ಡ ಸಂಖ್ಯೆ ಕಂಡ ಕೂಡಲೇ ಮೊಬೈಲ್ ತೆಗೆಯಬೇಡಿ. ಪೆನ್ನು, ಹಾಳೆ ಸಾಕು. ಬಾಗಲಕೋಟೆ ಜಿಲ್ಲೆಯ ಜಮಖಂಡಿಯ ಪಿನ್‌ಕೋಡ್ 587301 ಇದೆಯಲ್ಲ, ಅದನ್ನೇ ಬರೆದುಕೊಳ್ಳಿ.

ಮೊದಲು ಅಂಕಿಗಳನ್ನು ಕೂಡಿಸಿ. 24 ಬರುತ್ತದೆ. ಅದು 3ರ ಮಗ್ಗಿಯಲ್ಲಿದೆ, 9ರ ಮಗ್ಗಿಯಲ್ಲಿಲ್ಲ. ಹಾಗಾಗಿ ಇಡೀ ಸಂಖ್ಯೆ 3ರಿಂದ ಭಾಗವಾಗುತ್ತದೆ, 9ರಿಂದ ಆಗುವುದಿಲ್ಲ. ಇದು ಶಾಲೆಯಲ್ಲೇ ಕಲಿತದ್ದು.

ಈಗ ಬಲಗಡೆಯಿಂದ ಮೂರು ಮೂರು ಅಂಕಿ ಬಿಡಿಸಿ: 587, 301. ಒಂದರಿಂದ ಇನ್ನೊಂದನ್ನು ಕಳೆದರೆ 286, ಅಂದರೆ 2×11×13. ಅಲ್ಲಿಗೆ 587301 ಕೂಡ 11 ಮತ್ತು 13ರಿಂದ ಭಾಗವಾಗುತ್ತದೆ, 7ರಿಂದ ಇಲ್ಲ. ಯಾಕೆ ಅಂತೀರಾ? 7×11×13 ಗುಣಿಸಿದರೆ 1001. ನಮ್ಮ ಸಂಖ್ಯೆ ಅಂದರೆ 587×1001ರಲ್ಲಿ 286 ಕಡಿಮೆ, ಮೊದಲ ಭಾಗ ಈ ಮೂರರಿಂದಲೂ ಹೇಗಿದ್ದರೂ ಭಾಗವಾಗುತ್ತದೆ, ಆದ್ದರಿಂದ ನಾವು ನೋಡಬೇಕಾದದ್ದು 286 ಒಂದನ್ನೇ. ಇಷ್ಟು ಚಂದದ ಉಪಾಯವನ್ನು ಪ್ರತಿ ಮಗುವಿಗೂ ಹೇಳಿಕೊಡಬೇಕು.

ಅದೇ ತುಂಡುಗಳನ್ನು ಕೂಡಿಸಿದರೆ 888, ಅದು 37×24. 999 ಎಂಬುದು 27×37 ಆಗಿರುವುದರಿಂದ 37ಕ್ಕೆ ಈ ಪರೀಕ್ಷೆ ನಡೆಯುತ್ತದೆ. ಸಿಕ್ಕಿದ್ದನ್ನೆಲ್ಲ ಗುಣಿಸಿ: 3×11×13×37 = 15873. ಇದರಿಂದ 587301ನ್ನು ಭಾಗಿಸಿದರೆ ಮತ್ತೆ 37! ಅಲ್ಲಿಗೆ ಮುಗಿಯಿತು.

ಎಲ್ಲ ಸಂಖ್ಯೆಯೂ ಇಷ್ಟು ಸಲೀಸಾಗಿ ಒಡೆಯುವುದಿಲ್ಲ. ಬಾಗಲಕೋಟೆಯ 587101ಕ್ಕೆ ಈ ಯಾವ ಪರೀಕ್ಷೆಯೂ ಹೊಂದುವುದಿಲ್ಲ. ಅಂಥ ಕಡೆ ವರ್ಗಮೂಲದವರೆಗೆ, ಅಂದರೆ 766ರ ತನಕ, ಅವಿಭಾಜ್ಯಗಳನ್ನು ಒಂದೊಂದಾಗಿ ಹಾಕಿ ನೋಡಬೇಕು.

ಇನ್ನು 15873ನ್ನು 7ರಿಂದ ಗುಣಿಸಿ. 111111! ಅದರ ವರ್ಗ 12345654321, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದಲ್ಲಿ 27994681×441 ಎಂಬ ಲೆಕ್ಕ ಕೊಟ್ಟು ಇದೇ ಉತ್ತರ ಬರಿಸಿದ್ದಾರೆ. ಇಂಥ ಸಂಖ್ಯೆಗಳನ್ನು ಅವರು ಕೊರಳ ಹಾರ ಎಂದರು.

ಸಾವಿರ ಕೋಟಿ ದಾಟಿದ ಸಂಖ್ಯೆ ಅಂತ ಹೆದರಬೇಡಿ, ದಾರಿ ಅದೇ. 12, 345, 654, 321 ಎಂದು ಬಿಡಿಸಿ, ಬಲದಿಂದ ಒಂದು ಬಿಟ್ಟು ಒಂದನ್ನು ಕಳೆಯುತ್ತಾ ಹೋಗಿ: 321−654+345−12. ಸೊನ್ನೆ! ಅಂದರೆ 7, 11, 13 ಮೂರರಿಂದಲೂ ಭಾಗವಾಗುತ್ತದೆ. ಕೂಡಿಸಿದರೆ 1332, ಅದು 37×36. ಅಂಕಿಗಳ ಮೊತ್ತ 36, ಹಾಗಾಗಿ 9ರಿಂದಲೂ ಸರಿ.

ಇದು 111111ರ ವರ್ಗ ತಾನೆ, ಅದಕ್ಕೇ 3, 7, 11, 13, 37 ಒಂದೊಂದೂ ಎರಡೆರಡು ಸಲ ಬರುತ್ತವೆ. ಪ್ರತಿಯೊಂದನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲವೂ ತೆಗೆದುಕೊಳ್ಳಬಹುದು. ಹೀಗೆ 3×3×3×3×3, ಒಟ್ಟು 243 ಭಾಜಕಗಳು.

ಮಹಾವೀರಾಚಾರ್ಯರ 441 ಅಂದರೆ 21ರ ವರ್ಗ, 3 ಮತ್ತು 7 ಅಲ್ಲಿವೆ. ಉಳಿದ ಮೂರು 27994681ರಲ್ಲಿವೆ, ಅದು 5291ರ ವರ್ಗ. ನೀವು ಬೇರೆ ಥರ ಹಂಚಿ ನೋಡಿ: 3 ಮತ್ತು 37 ಒಂದು ಕಡೆ, 7, 11, 13 ಇನ್ನೊಂದು ಕಡೆ. ಆಗ 12321×1002001 ಆಗುತ್ತದೆ, ಇವೆರಡೂ ಹಾರಗಳೇ.