ಆ್ಯಪ್‌ಗಳಿಗೆ ಕೆಲಸದ ಹೆಸರಿನ ಕಪಾಟು: ನನ್ನ ಅನುಭವ

"ಪ್ಲೇ ಸ್ಟೋರ್ ಇರುವಾಗ ನಿನ್ನದೊಂದು ಆ್ಯಪ್ ಅಂಗಡಿ ಯಾಕಣ್ಣ?" ಎಂದು ರಾಯಚೂರಿನ ಮೊಬೈಲ್ ಅಂಗಡಿಯವರು ನಕ್ಕಿದ್ದರು. ಅವರಲ್ಲೇ ಇಬ್ಬರು ಈಗ ನನ್ನ ರೆಪೊ (ಆ್ಯಪ್‌ಗಳ ಸಂಗ್ರಹ) ವಿಳಾಸ ಕೇಳುತ್ತಿದ್ದಾರೆ.

ರಿಪೇರಿಗೆ ಬಂದ ಫೋನ್‌ಗೆ ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶಗಳ ಆ್ಯಪ್ ಸ್ಟೋರ್ ಹಾಕಿ ನನ್ನ ಅಂಗಡಿಯ ರೆಪೊ ಜೋಡಿಸುತ್ತೇನೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, ಮೆಮೊರಿ ಕಾರ್ಡ್, ಹಳೆಯ ರೌಟರ್ ಸೇರಿ ರೆಪೊಗೆ ತಗುಲಿದ್ದು ಆರು ಸಾವಿರ ರೂಪಾಯಿಯ ಆಸುಪಾಸು. ಅದಕ್ಕೂ ಮೊದಲು ಒಬ್ಬ ಡೆವಲಪರ್‌ಗೆ ಹತ್ತು ಸಾವಿರ ಸುರಿದಿದ್ದೆ. ಬಂದದ್ದು ಬಣ್ಣಬಣ್ಣದ ಮುಖಪುಟ, ಒಳಗೆ ಅದೇ ಇಂಗ್ಲಿಷ್ ವರ್ಗಗಳು.

‘ಸಿಸ್ಟಮ್’, ‘ಮಲ್ಟಿಮೀಡಿಯಾ’ ಎಂದರೆ ಗಂಜ್ ಮಾರುಕಟ್ಟೆಗೆ ಹತ್ತಿ ತಂದವರಿಗೆ ಏನು ಹೊಳೆಯಬೇಕು? ಹೊಸ ಅಪ್‌ಡೇಟ್ ಮೇಲಕ್ಕೆ ಎಂಬ ಕ್ರಮವೂ ನನಗೆ ಒಗ್ಗಲಿಲ್ಲ. ಪದೇ ಪದೇ ತೇಪೆ ಹಾಕಿಸಿಕೊಳ್ಳುವ ಲಾಂಚರ್ (ಫೋನಿನ ಮುಖಪರದೆ ತೋರಿಸುವ ಆ್ಯಪ್) ಸದಾ ಮೇಲೆ, ತಂಟೆ ಮಾಡದ ಲೆಕ್ಕದ ಆ್ಯಪ್ ತಳದಲ್ಲಿ. ಅಕ್ಷರಕ್ರಮಕ್ಕೆ ತಿರುಗಿಸಿದರೆ, ಯುನಿಕೋಡ್‌ನಲ್ಲಿ ಇಂಗ್ಲಿಷ್ ಅಕ್ಷರಗಳೇ ಮೊದಲಿರುವುದರಿಂದ, ಕನ್ನಡ ಹೆಸರುಗಳೆಲ್ಲ ಕೊನೆಗೆ.

ಕೊನೆಗೆ ಆ್ಯಪ್‌ಗಳ ವಿವರವಿರುವ ಮೆಟಾಡೇಟಾ ಕಡತಗಳಲ್ಲಿ ವರ್ಗಗಳನ್ನೆಲ್ಲ ಅಳಿಸಿ ಲೆಕ್ಕ, ದಾರಿ, ಹಾಡು-ಸಿನಿಮಾ, ಓದು, ಕೀಬೋರ್ಡ್ ಎಂದು ಬರೆದೆ. ನಕ್ಷೆ ಮೊದಲೇ ಇಳಿಸಿಟ್ಟರೆ ನೆಟ್ ಇಲ್ಲದೆಯೂ ನಡೆಯುವ ಆರ್ಗ್ಯಾನಿಕ್ ಮ್ಯಾಪ್ಸ್ ‘ದಾರಿ’ಗೆ ಹೋಯಿತು, ವಿಎಲ್‌ಸಿ ಹಾಡಿನ ಕಪಾಟಿಗೆ.

ಆಗ ‘ಕೀಬೋರ್ಡ್’ ಎರಡು ಸಲ ಕಾಣಿಸತೊಡಗಿತು. ಕಾಗುಣಿತ ಒಂದೇ, ಕಪಾಟು ಎರಡು! ಕಡತವನ್ನು ಹೆಕ್ಸ್‌ನಲ್ಲಿ (ಬೈಟ್‌ಗಳ ಸಂಕೇತಗಳಾಗಿ) ತೆರೆದರೆ ಒಂದರ ಬಾಲಕ್ಕೆ ‘ಇ2 80 8ಸಿ’. ಅಕ್ಷರಗಳು ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಎಂಬ ಚಿಹ್ನೆ. ಅಂಗಡಿಯ ಹುಡುಗನ ಫೋನಿನ ಕೀಲಿಮಣೆ ಅದನ್ನು ಸೇರಿಸಿತ್ತು. ಪದದ ಕೊನೆಯದನ್ನು ಮಾತ್ರ ಕಿತ್ತುಹಾಕಿ. ನಡುವಿನದನ್ನೂ ತೆಗೆದರೆ ‘ಪ್ಲೇಯರ್‌ಗಳು’ ‘ಪ್ಲೇಯರ್ಗಳು’ ಆಗಿ ಓದಲು ಹಿಂಸೆ.

ಎಫ್-ಡ್ರಾಯ್ಡ್ ಆ್ಯಪ್‌ನೊಳಗೆ ನಮಗೆ ಬೇಕಾದ ಕ್ರಮ ತರುವುದು ನಮ್ಮ ಕೈಯಲ್ಲಿಲ್ಲ. ಆದ್ದರಿಂದ ರೆಪೊದ ಆ್ಯಪ್ ಪಟ್ಟಿಯಿರುವ ಇಂಡೆಕ್ಸ್ ಕಡತ ಓದುವ ಸಾದಾ ವೆಬ್ ಪುಟ ಮಾಡಿ, ಹೆಸರಿನ ಪಕ್ಕದಲ್ಲೇ ಆ್ಯಪ್ ಎಷ್ಟು ಎಂಬಿ ಎಂದು ಬರೆದೆ. ಗಿರಾಕಿಗಳ ಮೊದಲ ಪ್ರಶ್ನೆಯೇ ಅದು. ಜನ ತಿಂಗಳಾದರೂ ಅಳಿಸದ ಆ್ಯಪ್‌ಗಳು ಮೇಲೆ ಬರುತ್ತವೆ. ಆ ಲೆಕ್ಕ ಹೇಗೆ ಹಿಡಿಯುತ್ತೇನೆ ಎಂಬುದು ಅಂಗಡಿಯ ಗುಟ್ಟು.

ನಡುವೆ ತೆಲುಗು, ಉರ್ದು ಹೆಸರುಗಳನ್ನೂ ಹಾಕಿ ನೋಡಿದೆ. ತೆಲುಗು ಸುಸೂತ್ರ. ಉರ್ದು ಬಲದಿಂದ ಎಡಕ್ಕೆ ಓಡುವುದರಿಂದ ಎಂಬಿ ಅಂಕಿಗಳು ಸಾಲಿನ ಇನ್ನೊಂದು ತುದಿಗೆ ಹಾರಿದವು. ಅದನ್ನು ಹಾಗೇ ಬಿಟ್ಟಿದ್ದೇನೆ.

ಮೊದಲು ಹತ್ತರಲ್ಲಿ ಏಳೆಂಟು ಮಂದಿ "ನೀವೇ ಹಾಕಿಕೊಡಿ" ಎನ್ನುತ್ತಿದ್ದರು. ಈಗ ಇಬ್ಬರೋ ಮೂವರೋ. ಹಾಕಿಕೊಡುವುದಕ್ಕೆ ಸಿಗುತ್ತಿದ್ದ ಇಪ್ಪತ್ತು ರೂಪಾಯಿ ತಪ್ಪಿತು, ಆದರೆ ರಿಪೇರಿ ಕೆಲಸಕ್ಕೆ ಕೈ ಬಿಡುವಾಗಿದೆ.