1,200 ಅಡಿಯಲ್ಲಿ ಸಿಗದ ನೀರು 28 ಅಡಿ ಬಾವಿಯಿಂದ

"1,200 ಅಡಿ ಬೋರಲ್ಲಿ ಇಲ್ಲದ ನೀರು 28 ಅಡಿ ಬಾವಿಯಲ್ಲಿ ಎಲ್ಲಿಂದ ಬರುತ್ತೆ ಸ್ವಾಮಿ?" ನಮ್ಮ ಅಪಾರ್ಟ್‌ಮೆಂಟ್ ಮೀಟಿಂಗಿನಲ್ಲಿ ಮೂರನೇ ಮಹಡಿಯ ಅಂಕಲ್ ಪ್ರತಿ ಸಲ ಎತ್ತುತ್ತಿದ್ದ ಪ್ರಶ್ನೆ ಇದು. ಕಳೆದ ಬೇಸಿಗೆಯಲ್ಲಿ ಮೂಲೆಯ ಹಳೇ ಬಾವಿಯಿಂದ ದಿನಕ್ಕೆ ಅರ್ಧ ಟ್ಯಾಂಕರಿನಷ್ಟು ನೀರು ಎತ್ತಿದೆವು. ಅದಕ್ಕೇ ಬರೆಯುತ್ತಿದ್ದೇನೆ.

ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ನಮ್ಮದು 36 ಮನೆ, ಮೂರು ಬೋರ್. ಮೂರನೆಯದಕ್ಕೆ ನಾಲ್ಕು ಲಕ್ಷದ ಹತ್ತಿರ ಸುರಿದೆವು. ತೆಂಗಿನಕಾಯಿ ಹಿಡಿದು ಜಾಗ ತೋರಿಸುವವರೂ ಬಂದು ಹೋದರು. ರಾತ್ರಿಯೆಲ್ಲ ಕೊರೆದರು. ಬೆಳಗ್ಗೆ ನೋಡಿದರೆ ಕಾರುಗಳೆಲ್ಲ ವಿಭೂತಿ ಬಳಿದುಕೊಂಡು ನಿಂತಿದ್ದವು, ನೀರು ಮಾತ್ರ ಇಲ್ಲ. 2024ರ ಮಾರ್ಚ್‌ನಲ್ಲಿ 12,000 ಲೀಟರಿನ ಟ್ಯಾಂಕರಿಗೆ ಎರಡು ಸಾವಿರ ಕೊಟ್ಟಿದ್ದೇವೆ. ಸರ್ಕಾರ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ ಅಂತ ದರ ನಿಗದಿ ಮಾಡಿತು. ಆ ದರಕ್ಕೆ ಕೇಳಿದರೆ ಯಾರೂ ಫೋನೇ ಎತ್ತುತ್ತಿರಲಿಲ್ಲ. ಆ ತಿಂಗಳು ನೀರಿಗೇ ತೊಂಬತ್ತು ಸಾವಿರ ಆಗಿರಬೇಕು.

ಅದಕ್ಕೂ ಮುಂಚೆ ಇಂಗು ಬಾವಿಯಲ್ಲಿ, ಅಂದರೆ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿಯಲ್ಲಿ, ಎರಡು ಸಲ ಕೈ ಸುಟ್ಟುಕೊಂಡಿದ್ದೆ. ಮೊದಲ ಸಲದ ಗುತ್ತಿಗೆದಾರ ಬಾವಿಗಿಳಿಸಿದ ಕಾಂಕ್ರೀಟ್ ರಿಂಗುಗಳ ಸಂದಿಗೆಲ್ಲ ಸಿಮೆಂಟ್ ಮೆತ್ತಿ, ಒಳಗೆ ಜಲ್ಲಿ, ಮರಳು, ಇದ್ದಿಲು ತುಂಬಿಸಿದ. ನೋಡೋಕೆ ಚೆಂದ. ಒಂದೇ ಮಳೆಗಾಲಕ್ಕೆ ಹೂಳು ಕಟ್ಟಿಕೊಂಡಿತು. 55,000 ನೀರಲ್ಲಿ ಹೋಮ. ಎರಡನೇ ಸಲ ಒಳಗೆ ಏನೂ ತುಂಬಿಸಲಿಲ್ಲ, ಆದರೆ ದುಡ್ಡು ಉಳಿಸೋಣ ಅಂತ 12 ಅಡಿಗೇ ನಿಲ್ಲಿಸಿದೆ. ಅಲ್ಲಿ ಬರೀ ಜೇಡಿ ಮಣ್ಣು. ಮಳೆ ನಿಂತು ಐದು ದಿನವಾದರೂ ನೀರು ಕದಲಲಿಲ್ಲ. ಸೊಳ್ಳೆ ಸಾಕಿದ್ದೀಯಾ ಅಂತ ಕೆಳಗಿನ ಮನೆಯವರು ಬೈದರು. ಬೈಸಿಕೊಳ್ಳೋ ಕೆಲಸವೇ ಅದು.

ಮೂರನೇ ಸಲ ಭೋವಿಪಾಳ್ಯದಿಂದ ಬಾವಿ ತೋಡುವವರನ್ನು ಕರೆಸಿದೆ. ಹಾರೆ, ಪಿಕಾಸಿ, ಹಗ್ಗ, ಬುಟ್ಟಿ ಅಷ್ಟೇ. ಅವರಲ್ಲಿ ಹಿರಿಯರೊಬ್ಬರು ಮೇಲೆ ಬಂದ ಮಣ್ಣನ್ನು ಬೆರಳಲ್ಲಿ ಉಜ್ಜಿ ಉಜ್ಜಿ ನೋಡುತ್ತಿದ್ದರು. 17 ಅಡಿಗೆ "ಸಾಕಾ ಯಜಮಾನ್ರೇ?" ಅಂದೆ. "ಇನ್ನೂ ಜಿಗಟು ಐತೆ ಸಾರ್, ಗರಸು ಬರ್ಲಿ" ಅಂದರು. 21 ದಾಟಿದ ಮೇಲೆ ಗರಸು, ಅಂದರೆ ಹರಳು ಹರಳಾದ ಒರಟು ಮಣ್ಣು ಬಂತು. ಎರಡು ಬಿಂದಿಗೆ ನೀರು ಸುರಿದರೆ ನೋಡ್ತಾ ನೋಡ್ತಾ ಇಂಗಿಹೋಯ್ತು.

26 ಅಡಿಗೆ ನಿಲ್ಲಿಸಿದೆವು. ಸಂದಿಗೆ ಸಿಮೆಂಟ್ ಇಲ್ಲ, ರಿಂಗಿನ ಸುತ್ತ 40 ಎಂಎಂ ಜಲ್ಲಿ, ಒಳಗೆ ಖಾಲಿ. ಇಂಥವು ಮೂರು, ಒಂದಕ್ಕೆ 45,000 ಆಸುಪಾಸು. ಬೆಂಗಳೂರಿನ ಮಳೆ ವರ್ಷಕ್ಕೆ 970 ಮಿಮೀ ಅಂತ ಹಿಡಿದರೆ ನಮ್ಮ 8,000 ಚದರಡಿ ತಾರಸಿಗೆ ಏಳು ಲಕ್ಷ ಲೀಟರ್ ಬೀಳುತ್ತೆ. ಅದನ್ನೇ ಚರಂಡಿಗೆ ಬಿಟ್ಟು ಟ್ಯಾಂಕರ್ ತರಿಸುತ್ತಿದ್ದೆವು ನೋಡಿ. ಹೂಳು ತಡೆಯುವ ಚೇಂಬರ್ ಮಾತ್ರ ನನ್ನದೇ ಡಿಸೈನ್. ಅಳತೆ ಇಲ್ಲಿ ಹೇಳಲ್ಲ, ಮನೆಗೆ ಬಂದರೆ ಕಾಫಿ ಜೊತೆ ತೋರಿಸ್ತೀನಿ.

ನಡುವೆ ಒಂದು ಕಿತಾಪತಿಯನ್ನೂ ಮಾಡಿದೆ. ಬತ್ತಿದ ಬೋರಿಗೇ ತಾರಸಿ ಪೈಪು ಜೋಡಿಸಿದೆ. ಮೊದಲ ಮಳೆಗೆ ಪಾರಿವಾಳದ ಹಿಕ್ಕೆ ಸಮೇತ ಇಳಿಯೋದು ಕಂಡು ಅವತ್ತೇ ಕಿತ್ತೆ. ಬಾವಿಯಲ್ಲಾದರೆ ಮಣ್ಣು ಸ್ವಲ್ಪ ಸೋಸುತ್ತೆ, ಬೋರಲ್ಲಿ ಸೀದಾ ಬಂಡೆಯ ಬಿರುಕಿಗೇ ಹೋಗುತ್ತಲ್ವಾ.

ಬಿಲ್ಡರ್ ಕಸ ಸುರಿದು ಮುಚ್ಚಿದ್ದ ಮೂಲೆಯ ಹಳೇ ಬಾವಿಯನ್ನೂ ಕೆರೆಸಿದೆ. ಆಗ 28 ಅಡಿಯಲ್ಲಿ ಬರೀ ಪಸೆ. ಇಂಗು ಬಾವಿಗಳು ಒಂದು ಮಳೆಗಾಲ ನೀರು ಕುಡಿದ ಮೇಲೆ ದಾರಕ್ಕೆ ನಟ್ ಕಟ್ಟಿ ಇಳಿಬಿಟ್ಟೆ. 14 ಅಡಿಗೇ "ಟಪ್" ಅಂತು. ನಂಬದೆ ಇನ್ನೆರಡು ಸಲ ಬಿಟ್ಟೆ. ಲ್ಯಾಬಲ್ಲಿ ಕೋಲಿಫಾರಂ ಅನ್ನೋ ಬ್ಯಾಕ್ಟೀರಿಯಾ ಬಂತು, ಹಾಗಾಗಿ ಕುಡಿಯೋಕಲ್ಲ. ಫ್ಲಶ್ಶಿಗೆ, ಗಿಡಕ್ಕೆ, ನೆಲ ಒರೆಸೋಕೆ.

ಈಗ ನಾಲ್ಕನೇ ಬಾವಿ ಯಾವಾಗ ಅಂತ ಅಂಕಲ್ಲೇ ಕೇಳ್ತಾರೆ. ಅದಕ್ಕೆ ಸರಿಯಾದ ಜಾಗ ಇರೋದು ಅವರ ಕಾರ್ ನಿಲ್ಲೋ ಕಡೆ. ಅವರಿಗಿನ್ನೂ ಹೇಳಿಲ್ಲ.